ಹಿಮ್ಮಡಿ ಮುಂದೆ

ತುರುಬು ಮತ್ತೆ ಬಿಚ್ಚಿಕೊಂಡಿತು.

ಹಲ್ಲಲ್ಲಿ ಕಚ್ಚಿಕೊಂಡಿದ್ದ ಹೇರ್‌ಪಿನ್ ತೆಗೆದು ಭುವನೇಶ್ವರಿ ಇನ್ನೊಂದು ಸಲ ಕೂದಲು ಸುತ್ತಿದಳು, ಗಂಟು ಹಾಕಿದಳು, ಗಂಟಿನ ಮೇಲೆ ಪಿನ್ನು ಚುಚ್ಚಿದಳು. ಅವಳ ತಾಯಿ ಮುತ್ತವ್ವನನ್ನು ಲಿಂಗಾಯತರ ರೂಢಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಕಣ್ಣು ಮುಚ್ಚಿದ್ದರೂ ಮಗಳ ಒದ್ದಾಟವನ್ನು ನೋಡಿ ಒಳಗೊಳಗೇ ನಗುತ್ತಿರುವ ಹಾಗಿತ್ತು ಮುಖ. ಎಪ್ಪತ್ತೈದು ದಾಟಿದ ಮೇಲೂ ಮೊಳಕಾಲು ಮುಟ್ಟುತ್ತಿದ್ದ ಕೂದಲು ಅದು. ಬೆಳ್ಳಗಾಗಿತ್ತೇ ಹೊರತು ಒಂದೆಳೆ ಕಡಿಮೆಯಾಗಿರಲಿಲ್ಲ. ಬದುಕಿದ್ದಾಗ ಯಾರ ಮಾತೂ ಕೇಳದ ಕೂದಲು ಈಗ ಕೇಳುತ್ತದೆಂದು ನಂಬಿದ್ದು ಭುವನೇಶ್ವರಿಯದೇ ತಪ್ಪು.

"ಬಿಡವ್ವ ಭುವನಾ, ತಲಿ ತುಂಬ ಸೆರಗ ಹೊಚ್ಚಿದ್ರ ಆತು" ಅಂದ ಈರಪ್ಪ. ಮುತ್ತವ್ವನ ತಮ್ಮ. ಗದಗಿನ ಕಡೆಯಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದವನು ಇನ್ನೂ ಮುಖ ತೊಳೆದಿರಲಿಲ್ಲ.

"ಸೆರಗು ಜಾರುತ್ತೆ ಮಾಮಾ. ಜನ ಬರ್ತಾರೆ. ಕೂದಲು ಬಿಚ್ಕೊಂಡು ಕೂತಿದ್ರೆ ನೋಡಿದೋರು..."

ಮಾತು ಅಲ್ಲಿಗೇ ನಿಂತಿತು. ಅದನ್ನು ಪೂರ್ತಿ ಮಾಡುವ ಅಗತ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಿಳಿ ಸೀರೆ, ಬಿಚ್ಚುಗೂದಲು, ಮುತ್ತವ್ವ. ಒಂದು ಕಾಲದಲ್ಲಿ ಈ ಮೂರೂ ಸೇರಿದರೆ ಮುಂದಿನ ಬೆಂಚಿನವರು ಸೀಟಿ ಹೊಡೆಯುತ್ತಿದ್ದರು, ಹಿಂದಿನ ಬಾಲ್ಕನಿಯವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುತ್ತವ್ವ ಸಿನಿಮಾದಲ್ಲಿ ದೆವ್ವ ಆಗುತ್ತಿದ್ದಳು. ಅಪರೂಪಕ್ಕೊಮ್ಮೆ ಆದದ್ದಲ್ಲ, ಅದೇ ಅವಳ ಕಸುಬಾಗಿತ್ತು. ಅಗ್ಗದ ಕಾಸಿನಲ್ಲಿ, ಅವಸರದಲ್ಲಿ ತಯಾರಾಗಿ, ವಾರ ಎರಡು ವಾರ ಓಡಿ, ಆಮೇಲೆ ಊರೂರಿನ ಡೇರೆಗಳನ್ನು ಸುತ್ತಿ ಮಾಯವಾಗುತ್ತಿದ್ದ ಚಿತ್ರಗಳು. ಪೇಪರಿನವರು ಅವುಗಳ ವಿಮರ್ಶೆ ಬರೆಯುವ ಗೋಜಿಗೂ ಹೋಗುತ್ತಿರಲಿಲ್ಲ.

ಭುವನೇಶ್ವರಿ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಅಲ್ಲಿ ಸೇರಿದ ಹೊಸದರಲ್ಲಿ ಯಾರೋ ನಿಮ್ಮ ತಾಯಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ನಾಟಕದ ಕಂಪನಿಯಲ್ಲಿದ್ದರು, ಅಕ್ಕಮಹಾದೇವಿ ಪಾತ್ರಕ್ಕೆ ಹೆಸರಾಗಿದ್ದರು ಎಂದುಬಿಟ್ಟಿದ್ದಳು. ಕಂಪನಿಯಲ್ಲಿದ್ದದ್ದು ನಿಜ. ಉಳಿದದ್ದು ಬಾಯಿಗೆ ತಾನಾಗಿ ಬಂದಿತ್ತು. ಆಮೇಲೆ ಆ ಮಾತು ಅವಳನ್ನು ಕೇಳದೆಯೇ ಬೆಳೆಯಿತು. ಮಹಿಳಾ ದಿನಾಚರಣೆಯಲ್ಲಿ ಹೆಡ್ ಮೇಡಂ ಅದನ್ನೇ ಭಾಷಣ ಮಾಡಿದರು, ಮಕ್ಕಳು ಚಪ್ಪಾಳೆ ಹೊಡೆದರು, ಭುವನೇಶ್ವರಿ ಎದ್ದು ನಿಂತು ಕೈಮುಗಿದಳು. ಸುಳ್ಳು ಹೀಗೆ ನಿವೃತ್ತಿಯ ಹತ್ತಿರದವರೆಗೂ ಬಂದುಬಿಟ್ಟಿತ್ತು. ಈ ಒಂದು ದಿನ ದಾಟಿದರೆ ಸಾಕಿತ್ತು. ಅವ್ವನನ್ನು ಅಕ್ಕನ ಹಾಗೆ ಕಳಿಸಿಕೊಟ್ಟರೆ ಮುಗಿಯಿತು, ಇನ್ನು ಯಾರು ಕೇಳುತ್ತಾರೆ?

ಹೆಡ್ ಮೇಡಂ ನೀಲಾಂಬಿಕಾ ಆಗಲೇ ಬಂದು ಹಾಲ್‌ನಲ್ಲಿ ಕೂತಿದ್ದರು. ಜೊತೆಗೆ ಇಬ್ಬರು ಮೇಷ್ಟ್ರು. ಮಲ್ಲಿಗೆಯ ದೊಡ್ಡ ಹಾರ ಹಾಕಿ, ಶರಣೆಯ ಪಾತ್ರ ಮಾಡಿದ ಪುಣ್ಯ ಮುಖದಲ್ಲೇ ಕಾಣುತ್ತದೆ ಎಂದು ಮೇಷ್ಟ್ರುಗಳಿಗೆ ಮೆಲ್ಲಗೆ ಹೇಳಿದ್ದೂ ಆಗಿತ್ತು. ಭುವನೇಶ್ವರಿ ಅದನ್ನು ಕೇಳಿಸಿಕೊಂಡು ಇನ್ನೊಂದು ಪಿನ್ನು ಹುಡುಕಲು ಒಳಗೆ ಹೋದಳು.

ಒಳಗೆ ಈರಪ್ಪ ಇನ್ನೊಂದು ತಕರಾರು ಹಿಡಿದುಕೊಂಡು ಬಂದ. ಮುತ್ತವ್ವ ಆಸ್ಪತ್ರೆಯಲ್ಲಿದ್ದಾಗ ಒಂದೇ ಒಂದು ಮಾತು ಹೇಳಿದ್ದಳು. ತನ್ನನ್ನು ವ್ಯಾನಿನಲ್ಲಿ ಹಾಕಬಾರದು, ವಿಮಾನ ಕಟ್ಟಿ ಮಂದಿ ಹೆಗಲ ಮೇಲೆ ಹೊತ್ತು ಒಯ್ಯಬೇಕು, ಅದೂ ರಾಜ್‌ಕುಮಾರ್ ರಸ್ತೆಗೆ ಇಳಿದು, ಹಳೇ ವೀರಭದ್ರ ಟಾಕೀಸಿನ ಮುಂದೆ ಹಾಯಿಸಿ. ಟಾಕೀಸು ಹೋಗಿ ಯಾವ ಕಾಲವಾಯಿತೋ. ಈಗಲ್ಲಿ ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನಿನ ಶೋರೂಮ್ ಇದೆ. ಆದರೂ ಮುತ್ತವ್ವನ ಬಾಯಲ್ಲಿ ಅದು ಟಾಕೀಸೇ. ಬಿದಿರು ಕಟ್ಟಿ, ಬಾಳೆಕಂದು ಕಟ್ಟಿ, ಚೆಂಡುಹೂ ಸುತ್ತಿದ ವಿಮಾನವೇನೋ ಬಾಗಿಲಲ್ಲಿ ತಯಾರಾಗಿ ನಿಂತಿತ್ತು.

"ಹೊರಾಕ ಯಾರದಾರವ್ವ?" ಅಂದ ಈರಪ್ಪ. "ನಿನ್ನ ಗಂಡ ಅಲ್ಲಿ ಕುಣಿ ತೋಡ್ಸಾಕ ಹೋಗ್ಯಾನ. ಇಲ್ಲಿ ನಾ ಒಬ್ಬ, ಇಬ್ರು ಮಾಸ್ತರು. ನನ್ನ ಮೊಣಕಾಲಿನ ಕತಿ ನಿನಗ ಗೊತ್ತೈತಿ. ವ್ಯಾನ್ ಹೇಳೂನು. ಅಕ್ಕಗ ತಿಳಿಯಂಗಿಲ್ಲ."

ಅವ್ವನಿಗೆ ತಿಳಿಯುವುದಿಲ್ಲ ಎಂಬ ಮಾತು ಭುವನೇಶ್ವರಿಯ ಎದೆಗೆ ಚುಚ್ಚಿತು. ಕೇಳಿದ್ದು ಒಂದೇ ಒಂದು, ಅದನ್ನೂ ನಡೆಸಿಕೊಡಲಾಗಲಿಲ್ಲ. ಆದರೆ ಜನ ಬೇಕೆಂದರೆ ಜನಕ್ಕೆ ಹೇಳಬೇಕಿತ್ತು, ಹೇಳಿದರೆ ಯಾರು ಯಾರೋ ಬರುತ್ತಿದ್ದರು. ಹೇಳಬಾರದೆಂದು ತಾನೇ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದಳು. ಅವಳು ಕಣ್ಣೊರೆಸಿಕೊಂಡು, ವ್ಯಾನಿಗೆ ಹೇಳಿ ಮಾಮಾ ಅಂದಳು.

*

ಭುವನೇಶ್ವರಿ ಇನ್ನೂ ಕೂಸಾಗಿದ್ದಾಗ ಕೆಂಗೇರಿಯ ಆಚೆ ಒಂದು ಹುಣಸೆ ತೋಪಿತ್ತು. ಸಂಪತ್ ಎಂಬ ತರುಣ ಅಲ್ಲಿ ಮಟಮಟ ಮಧ್ಯಾಹ್ನ ನಡುರಾತ್ರಿಯ ದೃಶ್ಯ ತೆಗೆಯುತ್ತಿದ್ದ. ರಾತ್ರಿ ತೆಗೆಯಲು ಲೈಟು ಬೇಕು, ಲೈಟಿಗೆ ದುಡ್ಡು ಬೇಕು. ಎರಡೂ ಇಲ್ಲದ್ದರಿಂದ ಕ್ಯಾಮೆರಾದ ಕಣ್ಣಿಗೆ ನೀಲಿ ಕಾಗದ ಅಂಟಿಸಿ, ಇದು ಅಮಾವಾಸ್ಯೆ ಎಂದು ಎಲ್ಲರನ್ನೂ ನಂಬಿಸಿದ್ದ. ಅಮಾವಾಸ್ಯೆಯಲ್ಲಿ ಹಿಂದುಗಡೆ ಒಂದು ಎಮ್ಮೆ ಆರಾಮಾಗಿ ಮೇಯುತ್ತಿದ್ದುದು ಚಿತ್ರದಲ್ಲಿ ಇಂದಿಗೂ ಕಾಣುತ್ತದೆ. ರಕ್ತ ಅಂದರೆ ರಾಗಿ ಅಂಬಲಿಗೆ ಕಲಸಿದ ಕುಂಕುಮ. ಬಾವಲಿ ಅಂದರೆ ಹರಿದ ಕೊಡೆ. ಮಂಜು ಅಂದರೆ ಸಾಂಬ್ರಾಣಿ ಹೊಗೆ, ಹೀಗಾಗಿ ದೆವ್ವ ಬಂದಾಗಲೆಲ್ಲ ಎಲ್ಲರೂ ಕೆಮ್ಮುತ್ತಿದ್ದರು. ಚಿತ್ರದ ಹೆಸರು 'ಶುಕ್ರವಾರ ಬಂದವಳು'.

ದೆವ್ವದ ಕಾಲು ಹಿಂದುಮುಂದಾಗಿರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ತೋರಿಸದೆ ದೆವ್ವದ ಸಿನಿಮಾ ಮಾಡುವುದು ಸಂಪತ್‌ಗೆ ಮನಸ್ಸಿಗೆ ಒಪ್ಪದ ಕೆಲಸ. ಅವನು ಹೂಡಿದ ಉಪಾಯ ಇದು: ನಟಿ ಸೀರೆ ರವಿಕೆಯನ್ನೆಲ್ಲ ಹಿಂದುಮುಂದಾಗಿ ತೊಡಬೇಕು, ಕೂದಲನ್ನು ತನ್ನ ಮುಖದ ಮೇಲೆ ಇಳಿಬಿಡಬೇಕು, ತಲೆಯ ಹಿಂಬದಿಗೆ ಕಾಗದದ ಮುಖವಾಡ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯಬೇಕು. ಆಗ ನೋಡುವವರಿಗೆ ಒಬ್ಬ ಹೆಂಗಸು ಮುಂದೆ ಬರುತ್ತಿರುತ್ತಾಳೆ, ಆದರೆ ಹಿಮ್ಮಡಿ ಮೊದಲು ಬರುತ್ತಿರುತ್ತದೆ. ಉಪಾಯ ಚೆನ್ನಾಗಿತ್ತು. ಕರೆತಂದ ನಟಿ ಮಾತ್ರ ಮೊದಲ ಸಲಕ್ಕೇ ಬೇರಿಗೆ ಎಡವಿ ಬಿದ್ದು, ಕಾಲು ಉಳುಕಿಸಿಕೊಂಡು, ಸಂಪತ್‌ಗೆ ಬಾಯಿಗೆ ಬಂದಂತೆ ಬೈದು ಹೊರಟುಹೋದಳು.

ಮುತ್ತವ್ವ ಅಲ್ಲಿಗೆ ಬಂದದ್ದು ರೊಟ್ಟಿ ಬುಟ್ಟಿ ಹೊತ್ತುಕೊಂಡು. ಅವಳಿದ್ದ ನಾಟಕದ ಕಂಪನಿ ಬೆಂಗಳೂರಿನ ಮೊಕ್ಕಾಮಿನಲ್ಲೇ ಮುರಿದುಬಿದ್ದು, ಗಂಡ ಅದಕ್ಕೂ ಮೊದಲೇ ತೀರಿಕೊಂಡು, ಎಳೆ ಮಗಳನ್ನು ಕಟ್ಟಿಕೊಂಡು ರಾಜಾಜಿನಗರದ ಕಾರ್ಖಾನೆಗಳ ಬದಿಯ ಒಂದು ಕೋಣೆಯಲ್ಲಿದ್ದಳು. ಚಿತ್ರದವರಿಗೆ ರೊಟ್ಟಿ ಪಲ್ಯ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಬುಟ್ಟಿ ಇಳಿಸಿ, ತಲೆಯ ಮೇಲೆ ಕೈಹೊತ್ತು ಕೂತಿದ್ದ ಸಂಪತ್‌ನನ್ನು ನೋಡಿದಳು.

"ಇದರಾಗೇನೈತ್ರಿ?" ಅಂದಳು. "ನಾ ನಡದ ತೋರಸ್ಲೇನು?"

ತೋಪಿನ ಆ ತುದಿಯಿಂದ ಈ ತುದಿಯವರೆಗೆ, ಬೇರು ಕಲ್ಲು ಗುಂಡಿ ಎಲ್ಲ ದಾಟಿ, ಒಮ್ಮೆಯೂ ಹಿಂದಿರುಗಿ ನೋಡದೆ, ನೀರು ಹರಿದ ಹಾಗೆ ಹಿಂದೆ ಹಿಂದೆ ನಡೆದು ಬಂದಳು. ಸಂಪತ್ ಎದ್ದು ನಿಂತ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ. ಕಂಪನಿಯಲ್ಲಿ ಅವಳಿಗೆ ಯಾವತ್ತೂ ಒಂದೇ ಪಾತ್ರ, ರಾಣಿಯ ಸಖಿ. ಮಾತು ಒಂದೋ ಎರಡೋ. ಆದರೆ ಸಖಿಯಾದವಳು ರಾಣಿಗೆ ಬೆನ್ನು ತೋರಿಸುವಂತಿಲ್ಲ. ಅಪ್ಪಣೆ ಅಂದು, ಮುಖ ರಾಣಿಯ ಕಡೆಗೇ ಇಟ್ಟುಕೊಂಡು, ಹಿಂದೆ ಹಿಂದೆ ನಡೆದು ಪರದೆಯ ಸಂದಿಯಲ್ಲಿ ಮರೆಯಾಗಬೇಕು. ಮುತ್ತವ್ವ ಹರೆಯವನ್ನೆಲ್ಲ ಹಾಗೆ ಹಿಂದೆ ನಡೆದೇ ಕಳೆದಿದ್ದಳು.

ಸಂಪತ್ ಅಲ್ಲೇ ಅವಳನ್ನು ದೆವ್ವ ಮಾಡಿದ. ಒಂದೇ ವಿಷಯಕ್ಕೆ ಜಗಳವಾಯಿತು. ಚಿತ್ರದ ದೆವ್ವ ದೇವರ ಹೆಸರು ಕೇಳಿದರೆ ಓಡುವಂಥದ್ದು, ಅದರ ಕೊರಳಲ್ಲಿ ಲಿಂಗ ಇದ್ದರೆ ಹೇಗೆ, ಚಿತ್ರೀಕರಣ ಮುಗಿಯುವ ತನಕ ತೆಗೆದಿಡಿ ಎಂದ.

"ದೆವ್ವ ಆಗಾಕ ಒಪ್ಪೀನ್ರಿ. ಲಿಂಗ ತೆಗಿಯಾಕ ಒಪ್ಪಿಲ್ಲ" ಅಂದಳು ಮುತ್ತವ್ವ.

ರವಿಕೆಯ ಒಳಗೆ ಮುಚ್ಚಿಟ್ಟುಕೊಳ್ಳುವುದೆಂದು ರಾಜಿಯಾಯಿತು. ಬಾವಿಯ ಕಟ್ಟೆಯಿಂದ ಬಗ್ಗಿ ನಾಯಕನ ಕುತ್ತಿಗೆಗೆ ಕೈಹಾಕುವ ದೃಶ್ಯದಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ ದಾರದ ಸಮೇತ ಹೊರಗೆ ಜಾರಿ, ಕ್ಯಾಮೆರಾದ ಎದುರಿಗೇ ಓಲಾಡಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಸಂಪತ್ ನೋಡಿದ್ದು ಚಿತ್ರ ಜೋಡಿಸುವಾಗ. ಮತ್ತೆ ತೆಗೆಯಲು ಫಿಲ್ಮೂ ಇರಲಿಲ್ಲ, ಬಾವಿಯ ಮಾಲೀಕನ ತಾಳ್ಮೆಯೂ ಉಳಿದಿರಲಿಲ್ಲ. ಹಾಗೇ ಬಿಡುಗಡೆಯಾಯಿತು. ಲಿಂಗ ಕಟ್ಟಿದ ದೆವ್ವವನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ತೋರಿಸಿದ ಕೀರ್ತಿ ಹೀಗೆ ರಾಜಾಜಿನಗರಕ್ಕೆ ಬಂತು.

*

ವ್ಯಾನಿಗಿಂತ ಮೊದಲು ಬೈಕುಗಳು ಬಂದವು.

ಮೊದಲು ಒಂದು, ಆಮೇಲೆ ಎರಡು, ಆಮೇಲೆ ಬೀದಿಯೇ ತುಂಬಿತು. ಹುಡುಗರು, ಹುಡುಗಿಯರು, ಬೆನ್ನಿಗೆ ಡೆಲಿವರಿ ಚೀಲ ಹಾಕಿಕೊಂಡವರು, ತಲೆ ನರೆತ ಒಂದಿಬ್ಬರು ಆಟೋದವರು. ಎಲ್ಲರ ಕೈಯಲ್ಲೂ ಹೂವು. ಒಬ್ಬ ಹುಡುಗನ ಕರಿ ಟೀಶರ್ಟಿನ ಮೇಲೆ ಎರಡು ಬಿಳಿ ಹೆಜ್ಜೆ, ಹಿಮ್ಮಡಿ ಮುಂದೆ. ಅವರ ನಡುವೆ ಹಳೇ ಸ್ಕೂಟರ್ ನಿಲ್ಲಿಸಿ, ಕೋಲೂರಿಕೊಂಡು ಒಬ್ಬ ಮುದುಕರು ಇಳಿದರು. ಸಂಪತ್. ಭುವನೇಶ್ವರಿ ಅವರನ್ನು ಗುರುತಿಸಿದಳು, ಕಿಟಕಿಯಿಂದ ಹಿಂದೆ ಸರಿದಳು.

ಮಗಳು ಕೀರ್ತನಾ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾಗರಬಾವಿಯಲ್ಲಿ ಲಾ ಓದುವ ಹುಡುಗಿ, ವಾದ ಮಾಡಲು ಬಾರದವಳೇನಲ್ಲ. ಇವತ್ತು ಮಾತ್ರ ಒಂದೇ ಏಟಿಗೆ ಒಪ್ಪಿಕೊಂಡಳು.

"ನಾನೇ ಗ್ರೂಪಲ್ಲಿ ಹಾಕ್ದೆ ಮಮ್ಮಿ. ಯಾರೋ ಹಳೇ ಕ್ಯಾಸೆಟ್ಟಿಂದ ಆ ಪಿಕ್ಚರ್ ಅಪ್‌ಲೋಡ್ ಮಾಡಿದಾರೆ. ನಾಗರಬಾವಿಲಿ ನಮ್ಮ ಫ್ರೆಂಡ್ಸ್ ರೂಮ್ ಟೆರೇಸಲ್ಲಿ ಆಗಾಗ ಶುಕ್ರವಾರ ಎಲ್ಲಾರೂ ಸೇರ್ಕೊಂಡು ನೋಡ್ತೀವಿ. ಇವರೆಲ್ಲ ಅಜ್ಜಿ ಫ್ಯಾನ್ಸ್."

"ನಗೋಕೆ ನೋಡ್ತೀರಾ?"

"ನಗ್ತೀವಿ. ಆದ್ರೆ ಹಂಗಲ್ಲ." ಕೀರ್ತನಾ ಹತ್ತಿರ ಬಂದಳು. "ಅಜ್ಜಿ ಒಂದ್ಸಲ ಬಂದಿದ್ರು ಮಮ್ಮಿ. ಮಠಕ್ಕೆ ಪ್ರವಚನ ಕೇಳೋಕೆ ಹೋಗ್ತೀನಿ ಅಂತ ನಿಂಗೆ ಹೇಳಿದ್ರಲ್ಲ, ಆವತ್ತು. ವಾಟರ್ ಟ್ಯಾಂಕಿಂದ ಮೆಟ್ಲವರೆಗೂ ಹಿಂದೆ ನಡೆದು ತೋರಿಸಿದ್ರು. ಎಲ್ಲಾರೂ ಎದ್ದು ನಿಂತ್ಕೊಂಡು ಸೀಟಿ ಹೊಡೆದ್ರು."

ಭುವನೇಶ್ವರಿಗೆ ಆ ಸಂಜೆ ನೆನಪಿತ್ತು. ಅವ್ವ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು, ಹೋಳಿಗೆ ಇದ್ದರೆ ಇನ್ನೊಂದು ಹಾಕು ಎಂದಿದ್ದಳು. ಪ್ರವಚನ ಹೇಗಾಯಿತೆಂದು ಕೇಳಿದ್ದಕ್ಕೆ, "ಭಾಳ ಚಲೋ ಆತವ್ವ, ಮಂದಿ ಎದ್ದು ನಿಂತಿದ್ರು" ಎಂದಿದ್ದಳು. ಇಂಥ ಪ್ರವಚನ ಯಾವ ಸ್ವಾಮಿಗಳದೋ ಎಂದು ತಾನು ಅಚ್ಚರಿಪಟ್ಟಿದ್ದಳು.

ಹಾಲ್‌ನಲ್ಲಿ ಹೆಡ್ ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿದ್ದರು. ಬೀದಿಯಲ್ಲಿ ಆ ಟೀಶರ್ಟನ್ನು ನೋಡುತ್ತಿದ್ದರು.

*

ರಾಜಾಜಿನಗರದ ವಠಾರದ ಉದ್ದನೆಯ ಪಡಸಾಲೆಯಲ್ಲಿ ಅವ್ವ ಅವಳಿಗೂ ಹಿಂದೆ ನಡೆಯುವುದನ್ನು ಕಲಿಸಿದ್ದಳು. ಆಗ ಭುವನೇಶ್ವರಿ ಸಣ್ಣ ಹುಡುಗಿ. ಸಂಜೆ ನೀರು ಬರುವ ಹೊತ್ತಿಗೆ ಪಡಸಾಲೆಯ ತುಂಬ ಕೊಡ, ಬಕೀಟು, ಹಂಡೆ. ಅವುಗಳ ನಡುವೆ ಹಿಂದೆ ನಡೆಯಬೇಕು. ಹುಡುಗಿ ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ನೋಡುತ್ತಿದ್ದಳು, ನೋಡಿದ್ದಕ್ಕೇ ಎಡವುತ್ತಿದ್ದಳು.

"ಹಿಂದ ನೋಡಬ್ಯಾಡ" ಅನ್ನುತ್ತಿದ್ದಳು ಅವ್ವ, ಎದುರಿಗೆ ನಿಂತು. "ಎದುರಿದ್ದವರ ಕಣ್ಣ ನೋಡು. ನಿನ್ನ ಹಿಂದ ಏನೈತಿ ಅನ್ನೋದು ಅವರ ಕಣ್ಣಾಗ ಕಾಣ್ತೈತಿ. ಕೊಡ ಹತ್ರ ಬಂತಂದ್ರ ಕಣ್ಣ ಅಗಲ ಆಕ್ಕಾವು. ಆವಾಗ ಹಿಮ್ಮಡಿ ಎತ್ತು."

ಅದು ನಿಜವಾಗಿತ್ತು. ಅವ್ವನ ಕಣ್ಣು ಅಗಲವಾದಾಗ ಹಿಮ್ಮಡಿ ಎತ್ತಿದರೆ ಬಕೀಟು ತಾನಾಗಿ ದಾಟುತ್ತಿತ್ತು. ಇಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದರು.

ಅದು ನಿಂತದ್ದು ಒಂದು ಪೋಸ್ಟರಿನಿಂದ. ಶಾಲೆಯ ಕಾಂಪೌಂಡಿಗೆ ಯಾರೋ ರಾತ್ರೋರಾತ್ರಿ ಅಂಟಿಸಿ ಹೋಗಿದ್ದರು. ಮಳೆಯಲ್ಲಿ ನೆನೆದ ಬಿಳಿ ಸೀರೆಯ ಹೆಂಗಸು, ಬಾಯಲ್ಲಿ ರಕ್ತ, ಮೂಲೆಯಲ್ಲಿ ದಪ್ಪಕ್ಷರದಲ್ಲಿ 'ವಯಸ್ಕರಿಗೆ ಮಾತ್ರ'. ಮುಖ ಅವ್ವನದು. ತರಗತಿಯ ಹುಡುಗರು ಇಡೀ ದಿನ ಅವಳ ಹಿಂದೆ ಹಿಮ್ಮುಖವಾಗಿ ನಡೆದರು. ಮನೆಗೆ ಬಂದು ಅವಳು ಚೀಲ ಎಸೆದು, ಇನ್ನು ಮೇಲೆ ನೀನು ಸ್ಕೂಲಿನ ಹತ್ತಿರ ಬರಬೇಡ, ನನ್ನ ಮುಂದೆ ಹಾಗೆ ನಡೆಯಲೂ ಬೇಡ ಎಂದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಚಿತ್ರದಲ್ಲಿ ತಲೆ ಮಾತ್ರ ತನ್ನದು, ಮೈ ಪೋಸ್ಟರಿಗೆ ಬಣ್ಣ ಬಳಿದವನ ಮನಸ್ಸಿನದು, ಅಂಥ ದೃಶ್ಯವೇ ಸಿನಿಮಾದಲ್ಲಿಲ್ಲ ಎಂದು ಹೇಳಿ ನೋಡಿದಳು. ಹುಡುಗಿ ಕಿವಿ ಮುಚ್ಚಿಕೊಂಡಳು.

ಆಮೇಲೆ ಮುತ್ತವ್ವ ಸಿನಿಮಾ ಬಿಟ್ಟಳು. ಮಗಳ ಮಾತಿಗೆ ಬಿಟ್ಟಳೋ, ಮನೆಮನೆಗೆ ಬಂದ ಟೀವಿಯಿಂದಾಗಿ ಸಂಪತ್‌ನ ಚಿತ್ರಗಳೇ ನಿಂತವೋ ಯಾರಿಗೆ ಗೊತ್ತು. ಅವಳು ಹೇಳಲಿಲ್ಲ, ಮಗಳು ಕೇಳಲಿಲ್ಲ. ಜೋಳದ ರೊಟ್ಟಿಯ ಖಾನಾವಳಿ ಹಾಕಿ, ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಮಂದಿಗೆ ಅನ್ನ ಹಾಕಿ, ಮಗಳನ್ನು ಓದಿಸಿದಳು. ಪಡಸಾಲೆಯಲ್ಲಿ ಮಾತ್ರ ಮತ್ತೆ ಯಾವತ್ತೂ ಹಿಂದೆ ನಡೆಯಲಿಲ್ಲ.

*

ಭುವನೇಶ್ವರಿ ಗೇಟಿಗೆ ಹೋದಳು. ಹೊರಟು ಹೋಗಿ ಎಂದು ಹೇಳಲೆಂದೇ ಹೋದಳು. ಇದು ಸಾವಿನ ಮನೆ, ತಮಾಷೆ ನೋಡುವ ಜಾಗವಲ್ಲ, ಹೂವು ಇಟ್ಟು ಹೋಗಿ ಎಂದಳು.

ಯಾರೂ ಕದಲಲಿಲ್ಲ. ಸಂಪತ್ ಕೋಲು ಊರಿಕೊಂಡು ಮುಂದೆ ಬಂದರು.

"ನಿಮ್ಮ ಕೋಪ ನನ್ನ ಮೇಲೆ ಅಂತ ಗೊತ್ತಮ್ಮ. ಆ ಪೋಸ್ಟರ್ ನಾನೇ ಮಾಡಿಸಿದ್ದು. ಮುತ್ತಮ್ಮ ಆಫೀಸಿಗೆ ಬಂದು ನನ್ನ ಮುಖದ ಮೇಲೇ ಹರಿದು ಹಾಕಿ ಹೋದ್ರು. ಆಮೇಲೆ ರಾಜಾಜಿನಗರ ಪೂರ್ತಿ ಸುತ್ತಿ ಒಂದೊಂದನ್ನೂ ಅವರೇ ಕಿತ್ರು. ನಿಮಗೆ ಹೇಳಿರಲಿಕ್ಕಿಲ್ಲ."

ಹೇಳಿರಲಿಲ್ಲ. ಪೋಸ್ಟರು ಮರುದಿನ ಕಾಂಪೌಂಡಿನ ಮೇಲೆ ಇಲ್ಲದ್ದನ್ನು ಕಂಡು, ಹೆಡ್ ಮಾಸ್ತರು ತೆಗೆಸಿರಬೇಕು ಎಂದುಕೊಂಡಿದ್ದಳು ಭುವನೇಶ್ವರಿ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದಳು. ಗೇಟಿನ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಳು.

ಡೆಲಿವರಿ ಚೀಲದವನೊಬ್ಬ ಚೀಲ ಇಳಿಸಿ ಹತ್ತಿರ ಬಂದ. ಹೆಸರು ಬಾಳೇಶ, ಖಾನಾವಳಿಯಲ್ಲಿ ಬಹಳ ದಿನ ಉಂಡವನಂತೆ. ರೊಟ್ಟಿ ಬಡಿಯುವ ಅಜ್ಜಿಯೇ ಸಿನಿಮಾದ ದೆವ್ವ ಎಂದು ತಿಳಿದಿದ್ದು ಮಾತ್ರ ಇತ್ತೀಚೆಗೆ, ಆ ಟೆರೇಸಿನ ಮೇಲೆ.

"ನಗಿಪಾಟ್ಲ ಮಾಡಾಕ ಬಂದಿಲ್ರಿ ಅಕ್ಕಾರ" ಅಂದ. "ನಾ ಸಣ್ಣಾವ ಇದ್ದಾಗ ನಮ್ಮೂರಿಗೆ ಡೇರೆ ಟಾಕೀಸ್ ಬಂದಿತ್ರಿ. ದೆವ್ವ ಬಂದ ಕೂಡ್ಲೆ ಅಂಜಿ ನಮ್ಮವ್ವನ ಉಡ್ಯಾಗ ಮಾರಿ ಮುಚ್ಕೊಂಡ್ನಿ. ನಮ್ಮವ್ವ ಅಂದ್ಲು, ಏ ನೋಡೋ, ಅಕಿ ಕೊಳ್ಳಾಗ ಲಿಂಗ ಐತಿ, ನಮ್ಮಾಕಿನ ಅದಾಳ, ಅಂಜಬ್ಯಾಡ. ಎದ್ದ ನೋಡಿದ್ನಿ. ಖರೇನ ಇತ್ರಿ. ಆವತ್ತಿಂದ ಅಂಜಿಕಿ ಹೋತು. ನಮ್ಮವ್ವ ಈಗಿಲ್ರಿ. ಆ ಬಾವಿ ಸೀನ್ ಬಂದಾಗೆಲ್ಲ ಅಕಿ ಮಾತು ಕಿವ್ಯಾಗ ಕೇಳ್ತೈತಿ. ಅದಕ್ಕ ಬಂದೀನಿ. ಹೆಗಲ ಕೊಡಾಕ."

ಇದನ್ನೆಲ್ಲ ಪೂಜೆಗೆ ಬಂದಿದ್ದ ಅಯ್ಯನವರು ಕೇಳಿಸಿಕೊಂಡಿದ್ದರು. ಈರಪ್ಪ ಅವರ ಹಿಂದೆ ನಿಂತು, ಇನ್ನೇನು ಗತಿಯೋ ಎಂಬ ಮುಖ ಮಾಡಿದ್ದ. ದೆವ್ವದ ಕೊರಳಲ್ಲಿ ಲಿಂಗ! ಅಯ್ಯನವರು ಎದ್ದು ಹೋದರೆ ಮುಂದೆ ಯಾರನ್ನು ಕರೆಯುವುದು? ಅಯ್ಯನವರು ಭುವನೇಶ್ವರಿಯ ಕಡೆ ತಿರುಗಿ, ದೆವ್ವದ ಪಾತ್ರಕ್ಕೆಂದು ತಾಯಿಯವರು ಲಿಂಗ ತೆಗೆದಿಟ್ಟಿದ್ದರೇ ಎಂದು ಕೇಳಿದರು. ಉತ್ತರ ಹೇಳಿದ್ದು ಸಂಪತ್. ತಾನು ಎಷ್ಟು ಕೇಳಿಕೊಂಡರೂ ತೆಗೆಯಲಿಲ್ಲ ಎಂದರು.

"ತೆಗೀಲಿಲ್ಲಲ್ಲ, ಅಷ್ಟ ಸಾಕು" ಅಂದರು ಅಯ್ಯನವರು. "ಹೊರೋರು ಯಾರು ಅದನ್ನ ಹೇಳ್ರಿ. ಬಿಸಲ ಏರಾಕತ್ತೈತಿ."

ಭುವನೇಶ್ವರಿ ಹಿಂದಿರುಗಿ ನೋಡಿದಳು. ಹೆಡ್ ಮೇಡಂ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಮುಚ್ಚಿಡುವ ಮನಸ್ಸೂ ಇರಲಿಲ್ಲ. ಹಾಗೆ ಇಲ್ಲದಿರುವುದು ಎಷ್ಟು ಹಗುರವೆಂದು ಅವಳಿಗೆ ಆ ಕ್ಷಣಕ್ಕೆ ಗೊತ್ತಾಯಿತು.

"ಮೇಡಂ, ನಮ್ಮವ್ವ ಅಕ್ಕನ ಪಾತ್ರ ಮಾಡಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಅವರು ನಾಟಕದಲ್ಲಿ ಸಖಿ. ಸಿನಿಮಾದಲ್ಲಿ ದೆವ್ವ."

ನೀಲಾಂಬಿಕಾ ಬಾಗಿಲಲ್ಲೇ ಹಿಂದಕ್ಕೆ ತಿರುಗಿದರು. ಒಳಗೆ ಕೂತಿದ್ದ ಮುತ್ತವ್ವನ ಮುಖವನ್ನೊಮ್ಮೆ ಬಗ್ಗಿ ನೋಡಿದರು.

"ಕಾಲು ಹಿಂದುಮುಂದು ಇರೋಳು, ಬಾವಿ ಹತ್ರ ಬರ್ತಾಳಲ್ಲ, ಅವರಾ ಇವರು?" ಅಂದರು. "ಮದುವೆ ಆದ ಹೊಸದ್ರಲ್ಲಿ ಡೇರೆ ಟಾಕೀಸಲ್ಲಿ ನೋಡಿದ್ದೆ ಕಣ್ರೀ. ಒಂದು ವಾರ ಬಚ್ಚಲಿಗೆ ನಮ್ಮತ್ತೇನ ಜೊತೆಗೆ ಕರ್ಕೊಂಡು ಹೋಗ್ತಿದ್ದೆ."

ಸಾವಿನ ಮನೆಯ ಅಂಗಳದಲ್ಲಿ ಮೊದಲು ನಕ್ಕದ್ದು ಭುವನೇಶ್ವರಿ. ನಗುತ್ತ ನಗುತ್ತಲೇ ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಗೇಟು ಪೂರ್ತಿ ತೆಗೆದಳು. ವ್ಯಾನಿನವನಿಗೆ ಫೋನು ಮಾಡಿ ಬರುವುದು ಬೇಡ ಎಂದು ಹೇಳಲು ಈರಪ್ಪ ಮೂಲೆಗೆ ಹೋದ.

ವಿಮಾನ ಎದ್ದಾಗ ಹೆಗಲು ಸಾಲದೆ ಜಗಳವಾಗಲಿಲ್ಲ, ಹೆಗಲು ಹೆಚ್ಚಾಗಿ ಜಗಳವಾಯಿತು. ಸರದಿಯ ಮೇಲೆ ಹೊರುವುದೆಂದು ಬಾಳೇಶ ತೀರ್ಮಾನ ಮಾಡಿದ. ಅಯ್ಯನವರು ಫೋನು ಮಾಡಿ ಕರೆಸಿದ ಭಜನೆಯವರು ತಾಳ ಹಿಡಿದರು. ಚೆಂಡುಹೂವಿನ ನಡುವೆ ಮುತ್ತವ್ವ ಬೆನ್ನು ನೆಟ್ಟಗೆ ಮಾಡಿ ಕೂತು, ತಾನು ಅರ್ಧ ಆಯುಷ್ಯ ಕಳೆದ ಬೀದಿಗಳನ್ನು ಮೇಲಿನಿಂದ ನೋಡುವ ಹಾಗೆ ಹೊರಟಳು. ಬಾಲ್ಕನಿಗಳಲ್ಲಿ ಜನ ನಿಂತು ಯಾರು ಹೋದದ್ದೆಂದು ಕೇಳುತ್ತಿದ್ದರು. ಕೀರ್ತನಾ ತಲೆಯೆತ್ತಿ, ನಮ್ಮಜ್ಜಿ, ಸಿನಿಮಾದವರು ಎಂದು ಹೇಳುತ್ತಿದ್ದಳು. ಅವಳ ದನಿಯಲ್ಲಿದ್ದ ಗತ್ತು ಕೇಳಿ ಕೆಲವರು ಕೆಳಗಿಳಿದು ಬಂದು ಸೇರಿಕೊಂಡರು. ರಾಜ್‌ಕುಮಾರ್ ರಸ್ತೆ ಮುಟ್ಟುವ ಹೊತ್ತಿಗೆ ಮೆರವಣಿಗೆಯ ಬಾಲ ಹಿಂದಿನ ತಿರುವಿನಲ್ಲೇ ಇತ್ತು.

ಟೈಲ್ಸ್ ಶೋರೂಮಿನ ಮುಂದೆ ಸಂಪತ್ ಕೋಲೆತ್ತಿ ನಿಲ್ಲಿಸಿದರು. ಗಾಜಿನ ಹಿಂದೆ ಸಾಲಾಗಿ ವಾಶ್ ಬೇಸಿನ್ನುಗಳು. ಇಲ್ಲೇ ಟಿಕೆಟ್ ಕಿಟಕಿ ಇತ್ತು, ಇಲ್ಲೇ ಮುತ್ತಮ್ಮನ ಕಟೌಟ್ ನಿಂತಿತ್ತು ಎಂದು ಯಾರಿಗೋ ತೋರಿಸುತ್ತ ಅವರು ಕಣ್ಣೊರೆಸಿಕೊಂಡರು. ಬಾಳೇಶ ಹೊತ್ತ ಹೆಗಲು ಇಳಿಸದೆ ಭುವನೇಶ್ವರಿಯ ಕಡೆ ನೋಡಿದ.

"ಒಂದ ಸೀಟಿ ಹೊಡೀಲೇನ್ರಿ ಅಕ್ಕಾರ? ನಿಮ್ಮ ಅಪ್ಪಣಿ ಇದ್ರ."

ಅಪ್ಪಣೆ ಎಂಬ ಮಾತು ಕೇಳಿ ಭುವನೇಶ್ವರಿ ಅವ್ವನತ್ತ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಒಂದು ಸೀಟಿಗೆ ಹತ್ತು ಸೇರಿ, ಹತ್ತಕ್ಕೆ ಬೀದಿಯೇ ಸೇರಿತು. ಆ ಗದ್ದಲಕ್ಕೋ, ಮೆಟ್ರೋ ಕಡೆಯಿಂದ ಬೀಸಿದ ಗಾಳಿಗೋ ಪಿನ್ನುಗಳೆಲ್ಲ ಒಂದೇ ಸಲ ಸೋತವು. ಸೆರಗು ಜಾರಿತು. ಬೆಳ್ಳನೆಯ ಕೂದಲು ಬಿಚ್ಚಿಕೊಂಡು, ವಿಮಾನದ ಬಾಳೆಕಂದುಗಳನ್ನು ದಾಟಿ ಗಾಳಿಯಲ್ಲಿ ಹಾರಿತು. ಈರಪ್ಪ ಅಯ್ಯೋ ಎಂದು ಕೈ ಚಾಚಿದ.

"ಬಿಡಿ ಮಾಮಾ. ಇರಲಿ" ಅಂದಳು ಭುವನೇಶ್ವರಿ.

ಅವಳು ಬದಿಯಿಂದ ಬಂದು ಮೆರವಣಿಗೆಯ ಮುಂದೆ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮುಖ ಅವ್ವನ ಕಡೆಗೆ, ಬೆನ್ನು ರಸ್ತೆಗೆ. ರಾಣಿಯ ಎದುರು ಸಖಿ ನಿಂತ ಹಾಗೆ ತಲೆಬಾಗಿ, ಒಂದು ಹೆಜ್ಜೆ ಹಿಂದೆ ಇಟ್ಟಳು, ಇನ್ನೊಂದು ಇಟ್ಟಳು. ಭಜನೆಯವರು ಒಂದು ಕ್ಷಣ ತಾಳ ತಪ್ಪಿ, ಅವಳ ಹೆಜ್ಜೆಗೆ ಸರಿಯಾಗಿ ಮತ್ತೆ ಹಿಡಿದರು. ಹೆಡ್ ಮೇಡಂ ಬದಿಯಲ್ಲಿ ಕೈಮುಗಿದು ನಡೆಯುತ್ತಿದ್ದರು. ಬೆನ್ನ ಹಿಂದೆ ಬಸ್ಸು, ಆಟೋ, ಬೈಕು ಒಂದೊಂದೇ ನಿಂತು ದಾರಿ ಬಿಡುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ತಿರುಗಲಿಲ್ಲ.

ಅವ್ವನ ಕಣ್ಣು ಮುಚ್ಚಿತ್ತು. ಆದರೆ ಅವ್ವನ ಕೆಳಗೆ, ಹೆಗಲು ಕೊಟ್ಟವರ, ಅವರ ಹಿಂದಿನವರ, ಅವರ ಹಿಂದಿನವರ ಕಣ್ಣುಗಳೆಲ್ಲ ಇವಳ ಮೇಲೇ ಇದ್ದವು. ಸಿಗ್ನಲ್ಲಿನ ಹತ್ತಿರ ಬರುತ್ತಿದ್ದಂತೆ ಆ ಕಣ್ಣುಗಳೆಲ್ಲ ಒಮ್ಮೆಲೇ ಅಗಲವಾದವು.

ಭುವನೇಶ್ವರಿ ಹಿಮ್ಮಡಿ ಎತ್ತಿದಳು, ರಸ್ತೆಯ ಹಂಪ್ ದಾಟಿಸಿ ಆಚೆ ಇಟ್ಟಳು.